ಅಜ್ಜಿಯ ನೀರಿನ ಕ್ಯಾನು ಮತ್ತು ನನ್ನ ಮೈನರ್ ಡಿಗ್ರಿ

ಹೋದ ಭಾನುವಾರ ಮಧುಗಿರಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ನಮ್ಮ ಬೀದಿಯವನೇ, ಈಗ ಎಂಜಿನಿಯರಿಂಗ್ ಎರಡನೇ ವರ್ಷ. "ಅಕ್ಕಾ, ಕಾಲೇಜಲ್ಲಿ ಮೈನರ್ ಯಾವ್ದು ಬೇಕು ಆರಿಸ್ಕೊಳ್ಳಿ ಅಂದಿದಾರೆ. ಶುಕ್ರವಾರ ಲಾಸ್ಟ್ ಡೇಟು. ಎಐ ತಗೊಂಡ್ರೆ ಕೆಲ್ಸ ಗ್ಯಾರಂಟಿ ಅಂತಾರೆ ಎಲ್ರೂ. ನೀವು ಬಯೋಮೆಕ್ಯಾನಿಕ್ಸ್ ತಗೊಂಡಿದ್ರಂತಲ್ಲ, ಏನಾದ್ರೂ ಉಪಯೋಗ ಆಯ್ತಾ?"

"ಆಯ್ತಪ್ಪಾ" ಅಂದುಬಿಡೋದು ಸುಲಭ. ಆದರೆ ಯಾರಿಗೆ ಆಯ್ತು, ಎಷ್ಟು ಆಯ್ತು ಅಂತ ಸರಿಯಾಗಿ ಹೇಳೋಕೆ ನನಗೆ ಅರ್ಧ ಗಂಟೆ ಹಿಡೀತು. ಅವನಿಗೆ ಹೇಳಿದ್ದನ್ನೇ ಈ ವಾರ ನಿಮ್ಮ ಮುಂದೆ ಇಡ್ತಿದ್ದೀನಿ. ನಿಮ್ಮ ಮನೆಯಲ್ಲೂ ಇಂಥದ್ದೇ ಪ್ರಶ್ನೆ ಇಟ್ಕೊಂಡು ಕೂತಿರೋ ತಮ್ಮನೋ ತಂಗಿಯೋ ಇರಬಹುದು.

ಮೊದಲು ಮೈನರ್ ಅಂದ್ರೆ ಏನು ಅಂತ ನೋಡೋಣ. ನಿಮ್ಮ ಮುಖ್ಯ ಬ್ರಾಂಚ್ ಜೊತೆಗೆ ಇನ್ನೊಂದು ವಿಷಯವನ್ನ ಸ್ವಲ್ಪ ಆಳವಾಗಿ ಓದೋದು. ಎಐಸಿಟಿಇ ಹೇಳೋ ಪ್ರಕಾರ ಬಿ.ಇ. ಡಿಗ್ರಿಗೆ ಬೇಕಾದ ಕ್ರೆಡಿಟ್‌ಗಳ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್ ಮಾಡಬೇಕು. ಅಂದ್ರೆ ಐದಾರು ಪೇಪರ್ ಜಾಸ್ತಿ. ಗೆಳತಿಯರು ಸಂಜೆ ಸಿನಿಮಾಕ್ಕೆ ಹೊರಟಾಗ ನೀವು ಅಸೈನ್‌ಮೆಂಟ್ ಬರೀತಾ ಕೂತಿರ್ತೀರಿ. ಕೊನೆಗೆ ಸಿಗೋದು ಸರ್ಟಿಫಿಕೇಟಿನ ಮೇಲೆ ಒಂದು ಸಾಲು.

ನಂದು ಮೆಕ್ಯಾನಿಕಲ್. ನಮ್ಮ ಕಾಲೇಜಿನ ಪಟ್ಟಿಯಲ್ಲಿ ಡೇಟಾ ಸೈನ್ಸ್, ರೋಬೋಟಿಕ್ಸ್ ಜೊತೆಗೆ ಮೂಲೆಯಲ್ಲಿ ಬಯೋಮೆಕ್ಯಾನಿಕ್ಸ್ ಅಂತಲೂ ಇತ್ತು. ಡೇಟಾ ಸೈನ್ಸ್ ಸೀಟು ಮೊದಲ ದಿನವೇ ತುಂಬಿಹೋಯ್ತು. ನಿಜ ಹೇಳ್ಬೇಕು ಅಂದ್ರೆ ನಾನು ಇದನ್ನ ಆಸೆಪಟ್ಟು ತಗೊಂಡವಳಲ್ಲ, ಉಳಿದಿದ್ದನ್ನ ತಗೊಂಡವಳು.

ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ ಶಿರಾದ ಮಂಡಿಯಲ್ಲಿ ಹಮಾಲಿ. ಕಡ್ಲೆಕಾಯಿ ಮೂಟೆ ಹೊತ್ತೇ ನನ್ನನ್ನ ಓದಿಸಿದವರು. "ಅದೇನದು ಬಯೋ?" ಅಂದ್ರು. "ಮನುಷ್ಯರ ಮೈಯಲ್ಲಿ ಬಲ ಹೆಂಗೆ ಕೆಲ್ಸ ಮಾಡುತ್ತೆ ಅಂತ ಓದೋದಪ್ಪಾ. ಮೂಳೆ, ಮಂಡಿ, ಬೆನ್ನು..." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೆನ್ನಿನ ವಿಷ್ಯ ನನ್ನೇ ಕೇಳಿದ್ರೆ ಆಗ್ತಿತ್ತು ಕಣವ್ವಾ, ಫೀಸು ಯಾಕೆ?" ಅಂದ್ರು. ಆಗ ನಕ್ಕು ಸುಮ್ಮನಾದೆ. ಅಪ್ಪ ತಮಾಷೆ ಮಾಡ್ತಿಲ್ಲ ಅಂತ ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು.

ಮೊದಲ ಕ್ಲಾಸಲ್ಲಿ ಮೇಡಂ ಬೋರ್ಡಿನ ಮೇಲೆ ಬಗ್ಗಿ ನಿಂತ ಮನುಷ್ಯನ ಚಿತ್ರ ಬರೆದರು. ಕೈಯಲ್ಲಿ 20 ಕೆಜಿ ಭಾರ. ಆ ಭಾರ ಬೆನ್ನುಮೂಳೆಯಿಂದ 40 ಸೆಂಟಿಮೀಟರ್ ಮುಂದಿದೆ. ಅದನ್ನ ಹಿಡಿದು ನಿಲ್ಲಿಸೋ ಬೆನ್ನಿನ ಸ್ನಾಯು ಮೂಳೆಯಿಂದ ಸುಮಾರು 5 ಸೆಂಟಿಮೀಟರ್ ಹಿಂದೆ. ಇಷ್ಟೇ ಲೆಕ್ಕ. ಸೀ-ಸಾ ಆಟದಲ್ಲಿ ದಪ್ಪನೆಯ ಹುಡುಗ ನಡುವಿನ ಹತ್ತಿರ, ಸಣ್ಣಗಿರೋನು ತುದಿಗೆ ಕೂತ ಹಾಗೆ. 20ನ್ನ 40ರಿಂದ ಗುಣಿಸಿ 5ರಿಂದ ಭಾಗಿಸಿ. 160 ಬಂತು. ಕೈಯಲ್ಲಿರೋದು 20 ಕೆಜಿ, ಬೆನ್ನಿನ ಸ್ನಾಯು ಎಳೀತಿರೋದು 160 ಕೆಜಿ. ಬಗ್ಗಿದ ಮೈಯ ಸ್ವಂತ ಭಾರ ಇನ್ನೂ ಇದಕ್ಕೆ ಸೇರಿಲ್ಲ.

ಈ ವಿಚಾರ ಹೊಸದೇನಲ್ಲ. ಇಟಲಿಯ ಬೊರೆಲ್ಲಿ ಅನ್ನೋರು ಪ್ರಾಣಿಗಳ ಚಲನೆಯ ಬಗ್ಗೆ ಬರೆದ ಪುಸ್ತಕ 1680ರಲ್ಲಿ, ಅವರು ತೀರಿಕೊಂಡ ಮರುವರ್ಷ, ಅಚ್ಚಾಗೋಕೆ ಶುರುವಾಯ್ತು. ನಾವು ಎತ್ತೋ ಭಾರಕ್ಕಿಂತ ನಮ್ಮ ಸ್ನಾಯುಗಳು ಹಾಕೋ ಬಲ ಎಷ್ಟೋ ಪಟ್ಟು ಜಾಸ್ತಿ ಅಂತ ಅವರು ಆಗಲೇ ಲೆಕ್ಕ ಹಾಕಿ ತೋರಿಸಿದ್ರು.

ಆ ರಾತ್ರಿ ಹಾಸ್ಟೆಲಲ್ಲಿ ಅಪ್ಪನ ಮೂಟೆಗೂ ಅದೇ ಲೆಕ್ಕ ಹಾಕಿದೆ. ಬಂದ ಸಂಖ್ಯೆ ನೋಡಿ ಗಾಬರಿಯಾಗಿ ಫೋನ್ ಮಾಡಿದೆ. ಅಪ್ಪ ಸಮಾಧಾನವಾಗಿ, "ನಾವು ಮೂಟೇನ ಕೈಯಲ್ಲಿ ಎತ್ತಲ್ಲ ಕಣವ್ವಾ. ಇಬ್ರು ಹಿಡಿದು ಬೆನ್ ಮೇಲೆ ಏರಿಸ್ತಾರೆ. ಮೂಟೆ ಮೈಗೆ ಅಂಟ್ಕಂಡಿರ್ಬೇಕು. ದೂರ ಹೋಯ್ತು ಅಂದ್ರೆ ಸೊಂಟ ಹೋಯ್ತು" ಅಂದ್ರು. 40 ಸೆಂಟಿಮೀಟರನ್ನ ಸೊನ್ನೆ ಹತ್ತಿರಕ್ಕೆ ತಂದ್ರೆ ಏನಾಗುತ್ತೆ ಅನ್ನೋದನ್ನ ಅಪ್ಪ ನನಗೆ ಒಂದೇ ಮಾತಲ್ಲಿ ಹೇಳಿದ್ರು.

ಇನ್ನೊಂದು ಪಾಠ ನಮ್ಮೂರ ಬೆಟ್ಟದ್ದು. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿದೋರಿಗೆ ಗೊತ್ತು, ಹತ್ತುವಾಗ ಏದುಸಿರು, ಇಳಿಯುವಾಗ ಮಂಡಿ ನಡುಕ. ಹತ್ತೋದೇ ಕಷ್ಟ, ಇಳಿಯೋದು ಬಿಟ್ಟಿ ಅಂದ್ಕೊಂಡಿದ್ದೆ. ಜರ್ಮನಿಯಲ್ಲಿ ಕೃತಕ ಮಂಡಿ ಹಾಕಿಸಿಕೊಂಡವರ ಮಂಡಿಯೊಳಗೇ ಅಳತೆಯ ಉಪಕರಣ ಇಟ್ಟು ನೋಡಿದಾರೆ. ಸಮತಟ್ಟಾದ ಜಾಗದಲ್ಲಿ ನಡೆಯುವಾಗ ಮಂಡಿ ಮೇಲೆ ಮೈಭಾರದ ಸುಮಾರು 2.6 ಪಟ್ಟು, ಮೆಟ್ಟಿಲು ಹತ್ತುವಾಗ 3.2 ಪಟ್ಟು, ಇಳಿಯುವಾಗ 3.5 ಪಟ್ಟು. ನಿಮ್ಮ ಅಮ್ಮ "ಹತ್ತೋದು ಹೆಂಗೋ ಹತ್ತಿಬಿಡ್ತೀನಿ, ಇಳಿಯೋಕೇ ಆಗಲ್ಲ" ಅಂದ್ರೆ ಅದು ನೆಪ ಅಲ್ಲ, ನಿಜ.

ಇಷ್ಟು ಓದೋ ಹೊತ್ತಿಗೆ ನಾನು ಊರಿಗೆ ಹೋದಾಗೆಲ್ಲ ಎಲ್ಲರ ನಡಿಗೆ ನೋಡೋದು, ಎಲ್ಲರಿಗೂ ಸಲಹೆ ಕೊಡೋದು ಶುರುಮಾಡಿದ್ದೆ. ಅದರ ಬಿಸಿ ಜೋರಾಗಿ ತಟ್ಟಿದ್ದು ಪಾವಗಡದ ಅಜ್ಜಿಗೆ.

ಅಜ್ಜಿ ಅಂದ್ರೆ ಅಮ್ಮನ ಅಮ್ಮ. ಪಾವಗಡದ ಹತ್ತಿರ ಒಂದು ಹಳ್ಳಿಯಲ್ಲಿ ಒಬ್ಬರೇ ಇರ್ತಾರೆ. ಆ ಕಡೆಯ ಎಲ್ಲರ ಹಾಗೆ ಮಾತಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಹತ್ತಾರು ವರ್ಷದಿಂದ ಬೆನ್ನು ಬಿಗಿ. ಕತ್ತು ತಿರುಗಿಸಬೇಕು ಅಂದ್ರೆ ಪೂರ್ತಿ ಮೈನೇ ತಿರುಗಿಸಬೇಕು. ನೆಲದ ಮೇಲೆ ಕೂತ್ರೆ ಏಳೋಕೆ ಗೋಡೆ ಬೇಕು. ಊರಲ್ಲಿ ಎಲ್ಲರೂ "ವಾತ" ಅಂತಿದ್ರು. ವಯಸ್ಸಾಯ್ತಲ್ಲ ಅಂತ ನಾವೂ ಒಪ್ಪಿಕೊಂಡಿದ್ವಿ. ಮೂರನೇ ವರ್ಷದಲ್ಲಿ ಮೂಳೆಯ ಬಗ್ಗೆ ಒಂದು ಪೇಪರ್ ಇತ್ತು. ಅದರಲ್ಲಿ ಫ್ಲೋರೋಸಿಸ್ ಅಂತ ಓದ್ತಿದ್ದಾಗ ಕಣ್ಣ ಮುಂದೆ ಅಜ್ಜಿ ಬಂದ್ರು.

ಪಾವಗಡದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ಜಿಲ್ಲೆಗೇ ಗೊತ್ತಿರೋ ಮಾತು. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ನಮ್ಮ ದೇಶದ ಮಾನದಂಡ 1 ಮಿಲಿಗ್ರಾಂ, ಬೇರೆ ನೀರೇ ಸಿಗದಿದ್ರೆ 1.5ರ ತನಕ. ಅದಕ್ಕಿಂತ ಜಾಸ್ತಿ ಇರೋ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಫ್ಲೋರೈಡ್ ಮೂಳೆಯ ಹರಳಿನೊಳಗೇ ಸೇರ್ಕೊಳ್ಳುತ್ತೆ. ಕೀಲು ಕಟ್ಟೋ ಅಸ್ಥಿರಜ್ಜುಗಳೂ ಗಟ್ಟಿಯಾಗಿ, ಬೆನ್ನು ಬಿದಿರಿನ ಗಳದ ಹಾಗೆ ಬಿಗಿಯಾಗುತ್ತೆ. ಭಾರತದಲ್ಲಿ ಇದನ್ನ ವೈದ್ಯರು ಮೊದಲು ಗುರುತಿಸಿ ಬರೆದಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ.

ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು ವಿಷಯ. ಇಂಥ ಮೂಳೆ ಎಕ್ಸ್-ರೇಯಲ್ಲಿ ಬೆಳ್ಳಗೆ, ದಟ್ಟವಾಗಿ ಕಾಣುತ್ತೆ. ನೋಡಿದ್ರೆ ಗಟ್ಟಿ ಮೂಳೆ ಅನ್ನಬೇಕು. ಒಂದು ಕಾಲದಲ್ಲಿ ಮೂಳೆ ಸವೆತಕ್ಕೆ ಫ್ಲೋರೈಡೇ ಔಷಧ ಆಗಬಹುದು ಅಂತ ವೈದ್ಯರು ಅಂದ್ಕೊಂಡಿದ್ರು. ಅಮೆರಿಕದಲ್ಲಿ 202 ಮಹಿಳೆಯರ ಮೇಲೆ ನಾಲ್ಕು ವರ್ಷ ಪರೀಕ್ಷೆ ಮಾಡಿ 1990ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಫ್ಲೋರೈಡ್ ತಗೊಂಡವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇ. 35ರಷ್ಟು ಹೆಚ್ಚಿತ್ತು. ಆದರೆ ಬೆನ್ನುಮೂಳೆ ಬಿಟ್ಟು ಬೇರೆ ಮೂಳೆಗಳು ಮುರಿಯೋದು ಕಡಿಮೆ ಆಗೋ ಬದಲು ಜಾಸ್ತಿ ಆಗಿತ್ತು. ದಟ್ಟವಾಗಿರೋದು ಬೇರೆ, ಬಲವಾಗಿರೋದು ಬೇರೆ. ಮೆಕ್ಯಾನಿಕಲ್ ಓದಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಬೀಡು ಕಬ್ಬಿಣ ಗಟ್ಟಿನೇ, ಆದ್ರೆ ಸುತ್ತಿಗೆಯಲ್ಲಿ ಹೊಡೆದ್ರೆ ಬಗ್ಗಲ್ಲ, ಸೀಳುತ್ತೆ.

ದಸರಾ ರಜೆಯಲ್ಲಿ ಅಜ್ಜಿಯನ್ನ ತುಮಕೂರಿಗೆ ಕರ್ಕೊಂಡು ಹೋಗಿ ತೋರಿಸಿದ್ವಿ. ಡಾಕ್ಟರು ಎಕ್ಸ್-ರೇ ನೋಡಿ ಅದೇ ಮಾತು ಹೇಳಿದ್ರು. ಆಗಿರೋದು ವಾಪಸ್ ಹೋಗಲ್ಲ, ಇನ್ನಷ್ಟು ಸೇರೋದನ್ನ ತಡೀಬೇಕು, ನೀರು ಬದಲಾಯಿಸಿ ಅಂದ್ರು.

ಸುಲಭ ಅಂದ್ಕೊಂಡೆ. ಊರಲ್ಲೇ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಐದು ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್ ಬರುತ್ತೆ. ಹೊಸ ಕ್ಯಾನು ತಂದುಕೊಟ್ಟೆ. ನೀರನ್ನ ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ ಅಂತ ತಿಳಿಸಿ ಹೇಳಿದೆ. ಅಡುಗೆಗೂ ಇದೇ ನೀರು ಅಂದೆ. ಅಜ್ಜಿ ಎಲ್ಲದಕ್ಕೂ ತಲೆಯಾಡಿಸಿದ್ರು.

ಸಂಕ್ರಾಂತಿಗೆ ಹೋದಾಗ ಕ್ಯಾನು ಹಿತ್ತಲಲ್ಲಿ ಹುರುಳಿ ತುಂಬಿಕೊಂಡು ಕೂತಿತ್ತು. ಅಜ್ಜಿ ಮನೆ ಮುಂದಿನ ನಲ್ಲಿಯ ಬೋರ್ ನೀರೇ ಕುಡೀತಿದ್ರು. ನನಗೆ ಸಿಟ್ಟು ಬಂತು. "ನಿನ್ನ ಒಳ್ಳೇದಕ್ಕೆ ತಾನೇ ಅಜ್ಜಿ ಹೇಳಿದ್ದು? ಅಷ್ಟು ದೂರ ಕರ್ಕೊಂಡು ಹೋಗಿ ತೋರಿಸಿದ್ದು ಯಾಕೆ?" ಅಂತ ಕೂಗಾಡಿದೆ. ಅಜ್ಜಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ನೀರು ಚೆನ್ನಾಗೈತೆ ಅಮ್ಮಾಯಿ. ಮನೆ ತಂಕ ಬರಲ್ಲ, ಅಷ್ಟೇ" ಅಂದ್ರು.

ಹುರುಳಿ ಸುರಿದು, ಕ್ಯಾನು ತೊಳೆದು ನಾನೇ ಘಟಕಕ್ಕೆ ಹೋದೆ. ನಲ್ಲಿ ನೆಲದ ಹತ್ತಿರ. ಕ್ಯಾನು ತುಂಬಿದ್ಮೇಲೆ ಬಗ್ಗಿ ಎತ್ತಬೇಕು. ಕ್ಯಾನಿನ ತೂಕವೂ ಸೇರಿ 21 ಕೆಜಿ. ದಪ್ಪ ಕ್ಯಾನು, ಮೈಗೆ ಒತ್ತಿ ಹಿಡಿಯೋಕೆ ಆಗಲ್ಲ. ಇಪ್ಪತ್ತರ ಹರೆಯದ ನಾನು ಎರಡು ಕಡೆ ಇಳಿಸಿ, ಉಸಿರು ತಗೊಂಡು ಮನೆ ಸೇರಿದೆ. ಜಗಲಿ ಮೇಲೆ ಕೂತಾಗ ಲೆಕ್ಕ ತಾನಾಗೇ ಬಂತು. 21ನ್ನ 40ರಿಂದ ಗುಣಿಸಿ 5ರಿಂದ ಭಾಗಿಸಿದ್ರೆ 168. ಅಜ್ಜಿಯ ತೂಕ 42 ಕೆಜಿ. ಬೆನ್ನು ಬಗ್ಗದ, ಮೂಳೆ ಮುರಿಯೋ ಅಪಾಯ ಇರೋ ಹೆಂಗಸಿಗೆ ನಾನು ಅವರ ಅರ್ಧ ತೂಕದ ಕ್ಯಾನು ಕೊಟ್ಟು, ಹೊರಲಿಲ್ಲ ಅಂತ ಬೈದಿದ್ದೆ. ಪರೀಕ್ಷೆಯಲ್ಲಿ ಇದೇ ಲೆಕ್ಕಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು.

ಒಳಗೆ ಹೋಗಿ ತಪ್ಪಾಯ್ತು ಅಂದೆ. "ಹೋಗ್ಲಿ ಬುಡು, ಕಾಫಿ ಕುಡಿ" ಅಂದ್ರು.

ವಾಪಸ್ ಬರುವಾಗ ಕೊರಟಗೆರೆಯಲ್ಲಿ ಅತ್ತೆ ಮನೆಗೆ ಇಳಿದೆ. ಮಾವ ಹಿತ್ತಲಲ್ಲಿ ತೆಂಗಿನಕಾಯಿ ಸುಲೀತಿದ್ರು. ನೆಲದಲ್ಲಿ ನೆಟ್ಟ ಕಬ್ಬಿಣದ ಗೂಟಕ್ಕೆ ಕಾಯಿ ಚುಚ್ಚಿ, ಮೈಭಾರ ಬಿಟ್ಟು ತಿರುಗಿಸೋದು. ಸುಮ್ಮನೆ ನೋಡ್ತಾ ಕೂತು ಅಜ್ಜಿ ಕಥೆ ಹೇಳಿದೆ. ಮಾವ ಗೂಟ ತೋರಿಸಿ, "ಇದು ಮೊದ್ಲು ಗಿಡ್ಡ ಇತ್ತು. ಬಗ್ಗಿ ಬಗ್ಗಿ ಸೊಂಟ ಹಿಡ್ಕಂಡಿತ್ತು. ನನ್ನ ಅಳತೆಗೆ ಎತ್ತರ ಮಾಡಿಸ್ದೆ. ಈಗ ತೋಳಿಗೆ ಕೆಲ್ಸಾನೇ ಇಲ್ಲ, ಮೈಯೇ ಮಾಡ್ತೈತೆ. ಆಯಮ್ಮಂಗೂ ಅಷ್ಟೇ, ಎತ್ತರ ಸರಿ ಮಾಡು. ಮತ್ತೆ ಅಷ್ಟು ದೊಡ್ಡ ಕ್ಯಾನು ಯಾಕೆ? ಒಬ್ರು ಕುಡಿಯೋಕೆ ಎಷ್ಟು ಬೇಕು?" ಅಂದ್ರು.

ಮಾವ ಕೇಳಿದ ಆ ಪ್ರಶ್ನೆಯೇ ನನ್ನ ಮೈನರ್ ಪ್ರಾಜೆಕ್ಟ್ ಆಯ್ತು.

ಒಬ್ಬರಿಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 10 ಲೀಟರ್ ಧಾರಾಳ. ಐದೈದು ಲೀಟರಿನ ಎರಡು ಕ್ಯಾನು ತಗೊಂಡೆ. ಸಣ್ಣ ಕ್ಯಾನು ಗಿಡ್ಡ, ಹಾಗಾಗಿ ನಲ್ಲಿ ಕೆಳಗೆ ಜಾಗ ಉಳೀತು. ಆ ಜಾಗಕ್ಕೆ ಎರಡು ಸೈಜುಗಲ್ಲು ಪೇರಿಸಿದ್ವಿ. ಈಗ ಪೂರ್ತಿ ಬಗ್ಗಬೇಕಿಲ್ಲ. ಒಂದೊಂದು ಕೈಗೆ ಒಂದೊಂದು, ಮೈಯ ಎರಡೂ ಪಕ್ಕಕ್ಕೆ. ಒಂದೇ ಕಡೆ ವಾಲೋದಿಲ್ಲ, ಭಾರವೂ ಮೈಗೆ ಹತ್ತಿರ. ಬೆನ್ನುಮೂಳೆಗಿಂತ 10 ಸೆಂಟಿಮೀಟರ್ ಮುಂದೆ ಅಂತ ಇಟ್ಕೊಂಡ್ರೂ ಬೆನ್ನಿನ ಸ್ನಾಯು ಎಳೆಯೋದು 21 ಕೆಜಿ. 168 ಎಲ್ಲಿ, 21 ಎಲ್ಲಿ! ಮನೆಯಲ್ಲಿ ಒಲೆಯನ್ನ ನೆಲದಿಂದ ಕಟ್ಟೆ ಮೇಲೆ ಏರಿಸಿದ್ವಿ. ಕೂರೋಕೆ ಎತ್ತರದ ಸ್ಟೂಲು ಬಂತು. ಮೂಟೆ ಮೈಗೆ ಅಂಟಿರಬೇಕು ಅಂದ ಅಪ್ಪ, ಎತ್ತರ ಸರಿ ಮಾಡು ಅಂದ ಮಾವ, ಇಬ್ಬರ ಮಾತನ್ನೂ ನಾನು ಬರೀ ಸಂಖ್ಯೆಯಲ್ಲಿ ಬರೆದೆ.

ಒಂದು ತೊಡಕು ಉಳೀತು. ಒಂದು ಕಾಯಿನಿಗೆ 20 ಲೀಟರ್ ಬರುತ್ತೆ, ಅಜ್ಜಿಗೆ ಬೇಕಾದ್ದು 10. ಉಳಿದದ್ದು ಚರಂಡಿಗೆ ಹೋಗೋದು ನೋಡಿ ಅಜ್ಜಿಗೆ ಹೊಟ್ಟೆ ಉರೀತು. ಅವರೇ ದಾರಿ ಕಂಡ್ಕೊಂಡ್ರು. ಪಕ್ಕದ ಮನೆಯ ಸೊಸೆಯನ್ನ ಜೊತೆ ಮಾಡ್ಕೊಂಡ್ರು. ಒಂದು ದಿನ ಇವರ ಕಾಯಿನ್, ಒಂದು ದಿನ ಅವರದ್ದು. ಅರ್ಧರ್ಧ ನೀರು. ಆ ಸೊಸೆಗೆ ನಾಲ್ಕು ವರ್ಷದ ಮಗಳಿದ್ದಾಳೆ. ಹಲ್ಲು ಒಸಡೊಳಗೆ ರೂಪುಗೊಳ್ಳೋ ವಯಸ್ಸಲ್ಲಿ ಈ ನೀರು ಕುಡಿದ್ರೆ ಮುಂದೆ ಹಲ್ಲಿನ ಮೇಲೆ ಕಂದು ಗೆರೆ ಬರುತ್ತೆ, ಅದು ತಿಕ್ಕಿದ್ರೆ ಹೋಗಲ್ಲ. ಆ ಮಗುವೂ ಈಗ ಘಟಕದ ನೀರೇ ಕುಡೀತಿದೆ. ಇದು ನನ್ನ ಪ್ರಾಜೆಕ್ಟಿನ ಯಾವ ಪುಟದಲ್ಲೂ ಇರಲಿಲ್ಲ.

ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳಿದ್ರು: "ಎಷ್ಟು ಜನರ ಮೇಲೆ ಸ್ಟಡಿ ಮಾಡಿದ್ರಿ?" "ಒಬ್ಬರು ಸರ್, ನಮ್ಮಜ್ಜಿ" ಅಂದೆ. ಬಿ ಗ್ರೇಡ್ ಬಂತು. ಒಬ್ಬರನ್ನ ನೋಡಿ ಎಲ್ಲರಿಗೂ ಇಷ್ಟೇ ಅಂತ ಹೇಳೋಕಾಗಲ್ಲ, ಅವರ ಮಾತು ಸರಿಯೇ.

ಅಜ್ಜಿಯ ಬೆನ್ನು ನೆಟ್ಟಗಾಗಲಿಲ್ಲ. ಆಗೋದೂ ಇಲ್ಲ. ಚಳಿಗಾಲ ಬಂದ್ರೆ ನೋವು ಇದ್ದೇ ಇದೆ. ತುಂಗಭದ್ರಾ ಹಿನ್ನೀರಿನಿಂದ ಪಾವಗಡಕ್ಕೆ ಕುಡಿಯೋ ನೀರು ತರೋ ಯೋಜನೆ ಇದೆ. ಆ ನೀರು ಅಜ್ಜಿ ಮನೆ ಮುಂದಿನ ನಲ್ಲಿಗೇ ಬಂದ ದಿನ ನನ್ನ ಎರಡು ಕ್ಯಾನಿಗೂ ಕೆಲಸ ಇರಲ್ಲ. ಬೇಗ ಬರಲಿ ಅಂತಲೇ ನನ್ನ ಆಸೆ.

ಈಗ ಕೆಲಸದ ವಿಷಯ. ಫೋನ್ ಮಾಡಿದ ಹುಡುಗನಿಗೆ ಇದನ್ನ ಮುಚ್ಚಿಡದೆ ಹೇಳಿದೆ. ಬಯೋಮೆಕ್ಯಾನಿಕ್ಸ್ ಮೈನರ್ ಇದೆ ಅಂತ ಯಾರೂ ಕರೆದು ಕೆಲಸ ಕೊಡಲ್ಲ. ನನ್ನ ಜೊತೆ ಓದಿದ ಹೆಚ್ಚಿನವರು ಈಗ ಸಾಫ್ಟ್‌ವೇರಲ್ಲಿದ್ದಾರೆ. ನಾನು ಬೆಂಗಳೂರಲ್ಲಿ ವಾಹನಗಳ ಸೀಟು ವಿನ್ಯಾಸ ಮಾಡೋ ಕಡೆ ಇದ್ದೀನಿ. ಇಂಟರ್‌ವ್ಯೂನಲ್ಲಿ ರೆಸ್ಯೂಮೆಯ ಆ ಒಂದು ಸಾಲು ನೋಡಿ "ಇದ್ಯಾಕೆ ಓದಿದ್ರಿ?" ಅಂದ್ರು. ಕ್ಯಾನಿನ ಕಥೆ ಹೇಳಿದೆ. ಸಾಫ್ಟ್‌ವೇರ್ ಟೂಲ್‌ಗಳ ಪ್ರಶ್ನೆ ಆಮೇಲೆ ಬಂತು, ಅದಕ್ಕೆ ಮೆಕ್ಯಾನಿಕಲ್ ಓದಿದ್ದೇ ಸಾಕಾಯ್ತು.

ಈ ದಾರಿಯಲ್ಲಿ ಮುಂದೆ ಹೋಗಬೇಕು ಅನ್ನೋರಿಗೆ ಜಾಗ ಇಲ್ಲದೆ ಇಲ್ಲ. ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆ 1994ರಿಂದ ಅಂಗವಿಕಲರಿಗಾಗಿ ಕೆಲಸ ಮಾಡ್ತಿದೆ. ಐಐಟಿ ಮದ್ರಾಸ್ ಅವರ ಜೊತೆ ಸೇರಿ 2022ರಲ್ಲಿ 'ಕದಂ' ಅನ್ನೋ ಕೃತಕ ಮಂಡಿ ಹೊರತಂದಿತು. ಅದು 160 ಡಿಗ್ರಿ ತನಕ ಮಡಚುತ್ತೆ. ಯಾಕೆ ಅಷ್ಟು? ನಮ್ಮ ಬಸ್ಸು, ಆಟೋಗಳ ಇಕ್ಕಟ್ಟಲ್ಲಿ ಕೂರಬೇಕಲ್ಲ, ಅದಕ್ಕೆ. ಆಸ್ಪತ್ರೆ ಉಪಕರಣ, ಕ್ರೀಡಾ ತರಬೇತಿ, ಕಾರ್ಖಾನೆಗಳಲ್ಲಿ ಕೆಲಸದ ಭಂಗಿ ಸರಿಪಡಿಸೋದು, ಇಲ್ಲೆಲ್ಲ ಈ ಓದು ಬೇಕು. ಆದರೆ ಹೆಚ್ಚಿನ ಕಡೆ ಇದಕ್ಕೆ ಎಂ.ಟೆಕ್ ಬೇಕಾಗುತ್ತೆ.

ಹಾಗಾಗಿ ಅವನಿಗೆ ನಾನು ಹೇಳಿದ್ದು ಇಷ್ಟು. ಮೈನರ್ ತಗೊಳ್ಳೋಕೆ ಮುಂಚೆ ಸಿಲಬಸ್ ತರಿಸಿ ಓದು. ಸ್ಟ್ಯಾಟಿಕ್ಸ್ ಅಂದ್ರೆ ಭಯ ಇದ್ರೆ ಮೊದಲು ಅದನ್ನ ಗಟ್ಟಿ ಮಾಡ್ಕೋ, ಬಯೋಮೆಕ್ಯಾನಿಕ್ಸಿನ ಅರ್ಧ ಅದೇ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತವಾಗಿ ಸಿಗುತ್ತೆ, ನಾಲ್ಕು ವಿಡಿಯೋ ನೋಡು. ಐದನೆಯದು ನೋಡ್ಬೇಕು ಅನ್ನಿಸಿದ್ರೆ ಮಾತ್ರ ಫಾರಂ ತುಂಬು. ಎಐ ಇಷ್ಟ ಇದ್ರೆ ಎಐ ತಗೋ, ಅದರಲ್ಲಿ ತಪ್ಪೇನಿಲ್ಲ. ಯಾವುದೇ ತಗೊಂಡ್ರೂ ಅದನ್ನ ನಿಮ್ಮ ಮನೆಗೆ ಒಂದು ಸಲ ತಗೊಂಡು ಹೋಗು. ಸಲಹೆ ಕೊಡೋಕೆ ಮುಂಚೆ ಕ್ಯಾನು ನೀನೇ ಒಂದು ಸಲ ಎತ್ತಿ ನೋಡು.

"ಸರಿ ಅಕ್ಕಾ" ಅಂದ. ಆಮೇಲೆ ಮೆಲ್ಲಗೆ, "ನಮ್ಮಮ್ಮಂಗೂ ಮಂಡಿ ನೋವು. ದಿನಾ ನೆಲದ ಮೇಲೆ ಕೂತ್ಕಂಡೇ ರೊಟ್ಟಿ ತಟ್ಟೋದು" ಅಂದ.

ಒಲೆ ಕಟ್ಟೆ ಎಷ್ಟೆತ್ತರ ಇರಬೇಕು ಅಂತ ಇಬ್ಬರೂ ಫೋನಲ್ಲೇ ಲೆಕ್ಕ ಹಾಕಿದ್ವಿ. ಮೈನರ್ ಯಾವುದು ಅಂತ ಅವನಿನ್ನೂ ನಿರ್ಧಾರ ಮಾಡಿಲ್ಲ. ಶುಕ್ರವಾರದ ತನಕ ಟೈಮಿದೆ.